ಎಐ ಏಜೆಂಟ್ ಸರಿಯಾಗಿ ಬಳಸುವಂತೆ ಟೂಲ್ ಡಿಸ್ಕ್ರಿಪ್ಷನ್ ಬರೆಯುವುದು ಹೇಗೆ?

ತುಂಗಾತೀರ (ಪ್ರಶ್ನೆ)
ಜಿಎಸ್‌ಟಿ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಎಂಸಿಪಿ ಸರ್ವರ್ (ಎಐ ಏಜೆಂಟ್ ಅನ್ನು ಸಾಫ್ಟ್‌ವೇರ್‌ಗೆ ಜೋಡಿಸುವ ಕೊಂಡಿ) ಬರೆದಿದ್ದೇವೆ, ಒಟ್ಟು 18 ಟೂಲ್ (ಏಜೆಂಟ್ ಕರೆಯಬಲ್ಲ ಕೆಲಸಗಳು). ಎಪಿಐ ಕೈಪಿಡಿಯಲ್ಲಿದ್ದ ಒಂದೊಂದು ಸಾಲನ್ನೇ ಡಿಸ್ಕ್ರಿಪ್ಷನ್ ಆಗಿ ಹಾಕಿದೆ. ಈಗ ಏಜೆಂಟ್ 'ಗೆಟ್_ಇನ್‌ವಾಯ್ಸ್' ಕರೆಯಬೇಕಾದಲ್ಲಿ 'ಸರ್ಚ್_ಇನ್‌ವಾಯ್ಸ್' ಕರೆಯುತ್ತೆ, 05/04 ಅಂದರೆ ಮೇ 4 ಅಂತ ತಿಳಿಯುತ್ತೆ, ಟೈಮ್‌ಔಟ್ ಆದರೆ ಅದೇ ಬಿಲ್ ಎರಡು ಸಲ ಮಾಡುತ್ತೆ. ಡಿಸ್ಕ್ರಿಪ್ಷನ್ ಬೆಳೆಸಿದರೆ ಸಾಕೇ, ಟೂಲ್‌ಗಳನ್ನೇ ಬದಲಿಸಬೇಕೇ?

ದೇವ್_ಧಾರವಾಡ
ಎರಡೂ ಬೇಕು ಸರ್. ಟೂಲ್ ಆರಿಸುವಾಗ ಮಾಡೆಲ್‌ಗೆ ನಿಮ್ಮ ಸರ್ವರ್‌ನಿಂದ ಕಾಣುವುದು ಹೆಸರು, ಡಿಸ್ಕ್ರಿಪ್ಷನ್, ಇನ್‌ಪುಟ್ ಸ್ಕೀಮಾ (ಟೂಲ್‌ಗೆ ಯಾವ ಮಾಹಿತಿ ಯಾವ ರೂಪದಲ್ಲಿ ಬೇಕೆಂಬ ಪಟ್ಟಿ). ಕೈಪಿಡಿಯ ಉಳಿದ ಪುಟಗಳು ಅದರ ಕಣ್ಣಿಗೆ ಬೀಳುವುದಿಲ್ಲ. 'ಇನ್‌ವಾಯ್ಸ್ ವಿವರ ಕೊಡುತ್ತದೆ' ಅನ್ನುವ ಸಾಲು ಎರಡು ಟೂಲ್‌ಗೂ ಒಪ್ಪುವುದರಿಂದ ಊಹಿಸುತ್ತೆ, ಅಷ್ಟೇ. ಗೆಟ್_ಇನ್‌ವಾಯ್ಸ್‌ಗೆ ಹೀಗೆ ಬರೆಯಿರಿ:

"ಇನ್‌ವಾಯ್ಸ್ ನಂಬರ್ ಪೂರ್ತಿ ಗೊತ್ತಿದ್ದಾಗ ಮಾತ್ರ ಬಳಸಿ. ಗ್ರಾಹಕರ ಹೆಸರು, ತಾರೀಖು ಅಥವಾ ಮೊತ್ತವಷ್ಟೇ ಗೊತ್ತಿದ್ದರೆ ಮೊದಲು ಸರ್ಚ್_ಇನ್‌ವಾಯ್ಸ್ ಕರೆಯಿರಿ. ಐಟಂಗಳು, ತೆರಿಗೆ, ಪಾವತಿ ಸ್ಥಿತಿ ಬರುತ್ತವೆ. ಪಿಡಿಎಫ್ ಬರುವುದಿಲ್ಲ."

ಯಾವಾಗ ಬಳಸಬಾರದು, ಏನು ಬರುವುದಿಲ್ಲ ಎಂಬ ಸಾಲುಗಳೇ ಹೆಚ್ಚು ಕೆಲಸ ಮಾಡುವುದು. ಸರ್ಚ್‌ನ ಉತ್ತರದಲ್ಲೂ "143ರಲ್ಲಿ ಮೊದಲ 20, ಮುಂದಿನದಕ್ಕೆ ಈ ಕರ್ಸರ್ ಕಳಿಸಿ" ಅಂತ ಇರಲಿ (ಕರ್ಸರ್ ಅಂದರೆ ಮುಂದಿನ ಪುಟ ಎಲ್ಲಿಂದ ಎಂಬ ಗುರುತು). ಇಲ್ಲದಿದ್ದರೆ ಮೊದಲ ಪುಟವನ್ನೇ ಪೂರ್ತಿ ಪಟ್ಟಿ ಅಂದುಕೊಂಡು ಬಾಕಿ ಲೆಕ್ಕ ಹಾಕಿಬಿಡುತ್ತೆ. ಆ ಮೊತ್ತ ತಪ್ಪೆಂದು ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಸ್ಕೀಮಾ_ಶಾರದೆ
ತಾರೀಖಿನ ಗೊಂದಲಕ್ಕೆ ಸ್ಕೀಮಾದಲ್ಲೇ ಮದ್ದಿದೆ. ವರ್ಷ-ತಿಂಗಳು-ದಿನ ಕ್ರಮ ಕಡ್ಡಾಯ ಮಾಡಿ, 2025-04-05 ಎಂದು ಉದಾಹರಣೆ ಕೊಡಿ. "ಬಳಕೆದಾರರು 05/04 ಎಂದರೆ ಏಪ್ರಿಲ್ 5" ಎಂಬ ಸಾಲೂ ಬೇಕು, ಯಾಕೆಂದರೆ ಪ್ಯಾಟರ್ನ್ (ಅಕ್ಷರಗಳು ಹೇಗಿರಬೇಕೆಂದು ಸ್ಕೀಮಾದಲ್ಲಿ ಬರೆಯುವ ನಿಯಮ) ರೂಪವನ್ನು ನೋಡುತ್ತದೆಯೇ ಹೊರತು ಅರ್ಥವನ್ನಲ್ಲ. 2025-05-04 ಕೂಡ ಅದರಲ್ಲಿ ಪಾಸಾಗುತ್ತೆ.

ನಮ್ಮ ಬಿಲ್ಲಿಂಗ್‌ನಲ್ಲಿ ಇನ್ನೂ ಕೆಲವು ಗುಂಡಿಗಳಿವೆ. 'ಅಮೌಂಟ್' ಎಂದಿದ್ದರೆ ರೂಪಾಯಿಯೋ ಪೈಸೆಯೋ ತಿಳಿಯದೆ ಮೊತ್ತ ನೂರು ಪಟ್ಟು ಆಚೀಚೆ ಆಗುತ್ತೆ. 'ಅಮೌಂಟ್_ಪೈಸೆ' ಅಂತ ಹೆಸರಿಡಿ, ₹1,250ಕ್ಕೆ 125000 ಎಂದು ತೋರಿಸಿ. ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ಸಂಖ್ಯೆ) ಸ್ಟ್ರಿಂಗ್, ಅಂದರೆ ಪಠ್ಯ, ಆಗಿರಲೇಬೇಕು. ಕಾಫಿಯದು 0901, ನಂಬರ್ ಟೈಪ್ ಕೊಟ್ಟರೆ ಮೊದಲ ಸೊನ್ನೆ ಹೋಗುತ್ತೆ. ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) 15 ಅಕ್ಷರ, ಮೊದಲ ಎರಡು ರಾಜ್ಯದ ಕೋಡ್ (ಕರ್ನಾಟಕಕ್ಕೆ 29), ಇದಕ್ಕೆ ಪ್ಯಾಟರ್ನ್ ಹಾಕಬಹುದು. 'ಈ ವರ್ಷದ ಬಿಲ್' ಅಂದರೆ ಏಪ್ರಿಲ್‌ನಿಂದ ಮಾರ್ಚ್ ಎಂದು ಬರೆಯದಿದ್ದರೆ ಜನವರಿಯಿಂದ ಎಣಿಸುತ್ತೆ. ಪಾವತಿ ಸ್ಥಿತಿಗೆ ಎನಮ್ (ಆರಿಸಬಹುದಾದ ಮೌಲ್ಯಗಳ ನಿಗದಿತ ಪಟ್ಟಿ) ಸಾಕು.

ಕೋಡ್_ಕರಾವಳಿ
ಎರಡು ಬಿಲ್ ಆಗುವುದನ್ನು ಬರೀ ಬರಹದಿಂದ ತಡೆಯಲಾಗದು. ಐಡೆಂಪೊಟೆನ್ಸಿ ಕೀಯನ್ನು (ಅದೇ ಕೋರಿಕೆ ಮತ್ತೆ ಬಂದಿದೆ ಎಂದು ಸರ್ವರ್ ಗುರುತಿಸುವ ಗುರುತು) ಮಾಡೆಲ್ ಕೈಗೆ ಬಿಟ್ಟರೆ ಮರುಪ್ರಯತ್ನದಲ್ಲಿ ಹೊಸ ಕೀ ಹುಟ್ಟಿಸುವ ಅಪಾಯವಿದೆ. ಕೆಲಸವನ್ನು ಎರಡಾಗಿ ಒಡೆಯಿರಿ: 'ಡ್ರಾಫ್ಟ್_ಇನ್‌ವಾಯ್ಸ್' ಕರಡು ಮಾಡಿ ಐಡಿ ಕೊಡಲಿ, 'ಇಶ್ಯೂ_ಇನ್‌ವಾಯ್ಸ್' ಆ ಐಡಿಯನ್ನಷ್ಟೇ ತೆಗೆದುಕೊಳ್ಳಲಿ. ಅದೇ ಐಡಿ ಮತ್ತೆ ಬಂದರೆ ಸರ್ವರ್ ಹಳೆಯ ಬಿಲ್ಲನ್ನೇ ಹಿಂತಿರುಗಿಸಲಿ. ಎರಡನೆಯದರ ಡಿಸ್ಕ್ರಿಪ್ಷನ್‌ನಲ್ಲಿ "ಟೈಮ್‌ಔಟ್ ಆದರೆ ಅದೇ ಐಡಿಯಿಂದ ಮತ್ತೆ ಕರೆಯಿರಿ, ಹೊಸ ಕರಡು ಮಾಡಬೇಡಿ" ಎಂದಿರಲಿ.

ರದ್ದು ಮಾಡುವ ಟೂಲ್‌ಗೆ ನಿಯಮವನ್ನೇ ಬರೆಯಿರಿ: ಇ-ಇನ್‌ವಾಯ್ಸ್‌ನ ಐಆರ್‌ಎನ್ (ಇನ್‌ವಾಯ್ಸ್‌ನ ನೋಂದಣಿ ಸಂಖ್ಯೆ) ಅನ್ನು ಸರ್ಕಾರಿ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ, ಭಾಗಶಃ ರದ್ದತಿ ಇಲ್ಲ, ಅದೇ ಇನ್‌ವಾಯ್ಸ್ ನಂಬರ್‌ಗೆ ಮತ್ತೆ ಐಆರ್‌ಎನ್ ಸಿಗದು. ಅವಧಿ ಮೀರಿದಾಗ "400 ಬ್ಯಾಡ್ ರಿಕ್ವೆಸ್ಟ್" ಕಳಿಸಿದರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕರೆಯಬಹುದು. "24 ಗಂಟೆ ಮೀರಿದೆ, ಕ್ರಿಯೇಟ್_ಕ್ರೆಡಿಟ್‌ನೋಟ್ ಬಳಸಿ, ಮೊದಲು ಬಳಕೆದಾರರ ಒಪ್ಪಿಗೆ ಕೇಳಿ" ಎಂದು ಕಳಿಸಿದರೆ ದಾರಿ ಸಿಗುತ್ತೆ. ಇಂಥ ಎರರ್ ಟೂಲ್‌ನ ಫಲಿತಾಂಶದಲ್ಲೇ 'ಈಸ್‌ಎರರ್' ಟ್ರೂ ಆಗಿ ಹೋಗಲಿ. ಅದನ್ನು ಪ್ರೊಟೊಕಾಲ್ ಎರರ್ (ಟೂಲ್‌ನ ಫಲಿತಾಂಶದ ಬದಲು ಎಂಸಿಪಿ ಸಂಪರ್ಕದ ದೋಷ) ಮಾಡಿದರೆ ಮಾಡೆಲ್‌ವರೆಗೆ ತಲುಪದೇ ಇರಬಹುದು.

'ಡಿಸ್ಟ್ರಕ್ಟಿವ್‌ಹಿಂಟ್' (ಈ ಟೂಲ್ ಇರುವುದನ್ನು ಅಳಿಸಬಹುದು ಎಂಬ ಗುರುತು) ತಪ್ಪದೆ ಹಾಕಿ, ಆದರೆ ಅದು ಬರೀ ಸೂಚನೆ. ಯಾರಿಗೆ ರದ್ದು ಮಾಡುವ ಅಧಿಕಾರವಿದೆ ಎಂಬ ತಪಾಸಣೆ ಸರ್ವರ್‌ನಲ್ಲೇ ನಡೆಯಬೇಕು.

ತುಂಗಾತೀರ
ತುಂಬಾ ಉಪಕಾರ, ಎಲ್ಲರಿಗೂ. ಕರಡು ಐಡಿಯ ದಾರಿಯನ್ನೇ ಹಿಡಿಯುತ್ತೇವೆ. ಅಂಗಡಿಯವರು ಕನ್ನಡದಲ್ಲೇ ಕೇಳುತ್ತಾರೆ, ಡಿಸ್ಕ್ರಿಪ್ಷನ್ ಕೂಡ ಕನ್ನಡದಲ್ಲಿರಬೇಕೇ?

ಸ್ಕೀಮಾ_ಶಾರದೆ
ಕಡ್ಡಾಯವಿಲ್ಲ. ಕನ್ನಡ ಪಠ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಬೇಕು, 18 ಟೂಲ್‌ಗಳ ವಿವರ ಪ್ರತಿ ಸಂಭಾಷಣೆಯಲ್ಲೂ ಜಾಗ ಹಿಡಿಯುತ್ತೆ. ವಿವರಣೆ ಇಂಗ್ಲಿಷಿನಲ್ಲೇ ಇರಲಿ, ಅಂಗಡಿಯವರ ಮಾತುಗಳನ್ನು ಮಾತ್ರ ಕನ್ನಡದಲ್ಲಿ ಸೇರಿಸಿ: 'ಉದ್ರಿ', 'ಬಾಕಿ' ಅಂದರೆ ಪಾವತಿ ಆಗದ್ದು, 'ಚುಕ್ತಾ' ಅಂದರೆ ಪೂರ್ತಿ ಪಾವತಿ.

ಆಮೇಲೆ ಅಂಗಡಿಯವರು ನಿಜವಾಗಿ ಕೇಳುವಂಥ 30 ಪ್ರಶ್ನೆ ಬರೆದಿಟ್ಟುಕೊಂಡು, ಯಾವ ಟೂಲ್ ಯಾವ ಆರ್ಗ್ಯುಮೆಂಟ್‌ನೊಂದಿಗೆ ಕರೆಯಲಾಯಿತು ಎಂದು ಲಾಗ್ ನೋಡಿ. ಒಂದು ಸಲಕ್ಕೆ ಒಂದೇ ಡಿಸ್ಕ್ರಿಪ್ಷನ್ ತಿದ್ದಿ, 30ನ್ನೂ ಮತ್ತೆ ಓಡಿಸಿ. ಒಂದು ಟೂಲ್‌ನ ಪದ ಬದಲಿಸಿದರೆ ಪಕ್ಕದ ಟೂಲ್‌ನ ಆಯ್ಕೆ ಕೆಡುವುದುಂಟು.