ಎಚ್4 ಹೆಡ್‌ಲೈಟಿಗೆ ಎಲ್‌ಇಡಿ ಅಥವಾ 100/90 ಬಲ್ಬ್ ಹಾಕಿಸಬಹುದಾ?

ಶಿರಾಗೇಟ್_06:
ತುಮಕೂರಿನ ಗಾಡಿ, ಹದಿನೈದು ವರ್ಷ ತುಂಬ್ತಾ ಬಂತು. ರಾತ್ರಿ ಶಿರಾ ಕಡೆ ಹೈವೇಲಿ ಬೆಳಕು ಸಾಲ್ತಿಲ್ಲ. ಈಗಿರೋದು 60/55 ಹ್ಯಾಲೋಜನ್, ಅಂದ್ರೆ ಹೈ ಬೀಮ್ 60 ವ್ಯಾಟ್, ಲೋ ಬೀಮ್ 55. ಅಂಗಡೀಲಿ ಎಲ್‌ಇಡಿ ಹಾಕ್ಸಿ, ಇಲ್ಲಾ 100/90 ಹಾಕ್ಸಿ ಅಂತಾರೆ. ಕಾನೂನಿಗೆ ಯಾವುದು ಸರಿ? ಮುಂದೆ ಕ್ರ್ಯಾಶ್ ಗಾರ್ಡ್ ಕೂಡ ಇದೆ, ಆರ್‌ಸಿ ರಿನ್ಯೂವಲ್‌ಗೆ ತೊಂದ್ರೆ ಆಗುತ್ತಾ?

ಆಟೋ ವೈರಿಂಗ್:
ಎರಡೂ ಬೇಡ ಸಾರ್. ಎಚ್4 ಅಂದ್ರೆ ಹೈ, ಲೋ ಎರಡು ಫಿಲಮೆಂಟೂ ಒಂದರಲ್ಲೇ ಇರೋ ಬಲ್ಬ್. ಅದರಲ್ಲಿ ಲೋ ಬೀಮ್ ಫಿಲಮೆಂಟ್ ಕೆಳಗೆ ಪುಟ್ಟ ಲೋಹದ ಬಟ್ಟಲಿರುತ್ತೆ, ಬೆಳಕು ಮೇಲೇಳದ ಹಾಗೆ ತಡೆಯೋದು ಅದೇ. ರಿಫ್ಲೆಕ್ಟರ್ ಮಾಡಿರೋದೇ ಆ ಫಿಲಮೆಂಟಿನ ಜಾಗ ನೋಡಿ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಕೂತ್ರೂ ಬೆಳಕಿನ ಗೆರೆ ಕಲಸಿಹೋಗುತ್ತೆ. ನಿಮ್ಮ ಬಾನೆಟ್ ಮುಂದೆ ಬೆಳ್ಳಗೆ ಕಾಣುತ್ತೆ, ದೂರ ಕಾಣಲ್ಲ, ಎದುರು ಬರೋನಿಗೆ ಕಣ್ಣು ಕತ್ತಲೆ.

100/90 ಹಾಕಿದ್ರೆ ಹೈ ಬೀಮಲ್ಲಿ ಎರಡು ಲೈಟೂ ಸೇರಿ 200 ವ್ಯಾಟ್, ಹತ್ತಿರ ಹತ್ತಿರ 17 ಆಂಪಿಯರ್. ಕಂಪನಿ ವೈರಿಂಗ್ ಇರೋದು 10 ಆಂಪಿಯರ್ ಲೆಕ್ಕಕ್ಕೆ. ಮೊದ್ಲು ಬಲ್ಬ್ ಹೋಲ್ಡರ್ ಕರಗುತ್ತೆ, ಆಮೇಲೆ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ಸುಡುತ್ತೆ.

ಮೊದ್ಲು ವೋಲ್ಟೇಜ್ ನೋಡಿ: ಎಂಜಿನ್ ಆನ್, ಲೈಟ್ ಆನ್, ಬ್ಯಾಟರೀಲಿ ಎಷ್ಟು, ಹೋಲ್ಡರಲ್ಲಿ ಎಷ್ಟು?

ನಿಯಮ_ಓದುಗ:
ಮೋಟಾರು ವಾಹನ ಕಾಯ್ದೆ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡ ಬರುತ್ತೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಕಿಕೊಟ್ಟ ಅಂಗಡಿಯವನು ಹೇಳಿದ ಅಂದ್ರೂ ನೀವು ಪಾರಾಗಲ್ಲ.

ಕ್ರ್ಯಾಶ್ ಗಾರ್ಡ್ ಬಿಚ್ಚಿಸಿಬಿಡಿ. 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ದಂಡದ ಮಾತು ಹಾಗಿರ್ಲಿ, ಗುದ್ದಿದಾಗ ಮುಂಭಾಗ ಮಡಚಿಕೊಂಡು ಪೆಟ್ಟು ತಿನ್ನಬೇಕು. ಚಾಸಿಗೆ ಬೋಲ್ಟ್ ಮಾಡಿದ ಕಬ್ಬಿಣ ಆ ಪೆಟ್ಟನ್ನ ನೇರ ಒಳಗೆ ತಳ್ಳುತ್ತೆ, ಏರ್‌ಬ್ಯಾಗ್ ಬಿಚ್ಚೋ ಸಮಯವೂ ತಪ್ಪಬಹುದು. ಅಡ್ಡ ಬಂದ ಪಾದಚಾರಿಯ ಗತಿ ಇನ್ನೂ ಕೆಟ್ಟದು.

ಶಿರಾಗೇಟ್_06:
ಬ್ಯಾಟರಿ 14.1, ಹೋಲ್ಡರಲ್ಲಿ 12.3.

ಆಟೋ ವೈರಿಂಗ್:
ರೋಗ ಅಲ್ಲೇ ಇದೆ. 1.8 ವೋಲ್ಟ್ ದಾರೀಲೇ ಹೋಗ್ತಿದೆ, ಅಂದ್ರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕು ಹೋದ ಹಾಗೆ. ಬಲ್ಬ್ ಅದೇ 60/55 ಇರ್ಲಿ, ವೃತ್ತದೊಳಗೆ ಇ ಗುರುತು (ಮಾನ್ಯತೆಯ ಗುರುತು) ಇರೋದು ತಗೊಳ್ಳಿ. ರಿಲೇ ಹಾರ್ನೆಸ್ ಹಾಕ್ಸಿ, ಅಂದ್ರೆ ಸ್ವಿಚ್ಚಿನ ಸಣ್ಣ ಕರೆಂಟಲ್ಲಿ ಆನ್ ಆಗಿ ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟ್ ಕೊಡೋ ವೈರಿಂಗ್ ಸೆಟ್: ಲೋಗೊಂದು, ಹೈಗೊಂದು ರಿಲೇ. ಬ್ಯಾಟರಿ ಪ್ಲಸ್‌ನಿಂದ 20 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್‌ಗೆ, 87ರಿಂದ ಬಲ್ಬಿಗೆ. ವೈರ್ 2.5 ಸ್ಕ್ವೇರ್ ಎಂಎಂ. ಹಳೆ ಹೋಲ್ಡರಿನ ವೈರ್ 85, 86ನೇ ಪಿನ್‌ಗೆ ಮಾತ್ರ, ರಿಲೇ ಆನ್ ಮಾಡೋಕೆ. ಅರ್ಥ್ ಕೂಡ ಹೊಸದೇ ಎಳೀಬೇಕು, ಇದನ್ನ ಬಹಳ ಜನ ಮರೀತಾರೆ. ಕೆಲವು ಗಾಡೀಲಿ ಸ್ವಿಚ್ ಮೈನಸ್ ಕಡೆ ಇರುತ್ತೆ, ಅದನ್ನ ನೋಡಿಕೊಂಡೇ ಹಾರ್ನೆಸ್ ತರ್ಸಿ. ಮೂಲ ವೈರ್ ಕತ್ತರಿಸೋಕೆ ಬಿಡಬೇಡಿ.

ಲೆನ್ಸ್ ಹಳದಿಯಾಗಿದ್ರೆ 1000, 2000, 3000 ನಂಬರ್ ವಾಟರ್ ಪೇಪರಲ್ಲಿ ಉಜ್ಜಿ ಪಾಲಿಶ್ ಮಾಡ್ಸಿ. ಮೇಲೆ ಯುವಿ ಕೋಟಿಂಗ್ ಇಲ್ಲದಿದ್ರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಬಣ್ಣ.

ಕೊನೇಲಿ ಫೋಕಸ್: ಗೋಡೆಯಿಂದ 10 ಮೀಟರ್ ದೂರ, ಸಮತಟ್ಟು ನೆಲ, ಟೈರ್ ಗಾಳಿ ಸರಿಯಿರ್ಲಿ, ಡ್ರೈವರ್ ಸೀಟಲ್ಲಿ ಒಬ್ರು ಕೂತಿರ್ಲಿ. ಲೋ ಬೀಮಿನ ಮೇಲ್ಗೆರೆ ಲ್ಯಾಂಪಿನ ನಡುಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು.