ಸುಣ್ಣದ ಕಲ್ಲು ಕರಗಿದರೆ ಲಾವಾ ಆಗುತ್ತಾ? ಮನೆ ಗುಂಪಿನ ವಾದ

ಕಾರ್ತಿಕ್: (ವಿಡಿಯೊ) ತಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗೈ ಜ್ವಾಲಾಮುಖಿ. ಕಪ್ಪು ಲಾವಾ ನೋಡಿ! ಭೂಮಿಯ ಹೊರಪದರದ ಕೆಳಗಿನ ಕಲ್ಲಿನ ಪದರ, ಅಂದರೆ ಮ್ಯಾಂಟಲ್‌ನಿಂದ ನೇರವಾಗಿ ಬರುತ್ತಂತೆ.

ವಿಮಲತ್ತೆ: ಲಾವಾ ಕೆಂಪಗಿರಬೇಕಲ್ವಾ? ಇದು ಕೆಸರು. ಸುಮ್ನೆ ಯಾರೋ ಕಂಪ್ಯೂಟರಲ್ಲಿ ಮಾಡಿದ್ದಾರೆ.

ಅನಘಾ: ನಿಜದ್ದೇ ಅತ್ತೆ. ಬಿಸಿ 500-600 ಡಿಗ್ರಿ ಅಷ್ಟೇ, ಹವಾಯಿ ಲಾವಾದ ಅರ್ಧ. ಅದಕ್ಕೇ ಹಗಲಲ್ಲಿ ಕೆಂಪು ಕಾಣಲ್ಲ. ಅದರಲ್ಲಿ ಸೋಡಿಯಂ ಕಾರ್ಬೊನೇಟ್ ಜಾಸ್ತಿ ಅಂತ 1962ರಲ್ಲಿ ಭೂವಿಜ್ಞಾನಿ ಡಾಸನ್ ಬರೆದರು. ಬಟ್ಟೆಗೆ ಹಾಕೋ ವಾಷಿಂಗ್ ಸೋಡಾನೂ ಅದೇ. ತೇವ ತಾಗಿದರೆ ಬೇಗ ಬೆಳ್ಳಗಾಗುತ್ತೆ.

ಸುರೇಶ ಚಿಕ್ಕಪ್ಪ: ಸುಣ್ಣದ ಕಲ್ಲೂ ಒಂದು ಕಾರ್ಬೊನೇಟೇ ತಾನೇ? ಅಂದರೆ ಕೆಳಗೆ ಸುಣ್ಣದ ಕಲ್ಲಿದೆ, ಬಿಸಿಗೆ ಕರಗಿದೆ. ಇದಕ್ಕೆ ಇಷ್ಟು ಗಲಾಟೆ ಯಾಕೆ?

ಅನಘಾ: ಮ್ಯಾಗ್ಮಾ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ಸುಣ್ಣದ ಕಲ್ಲನ್ನು ನುಂಗುತ್ತೆ ಅನ್ನೋ ವಾದ 1910ರಷ್ಟು ಹಳೇದು ಚಿಕ್ಕಪ್ಪ. ನಿಲ್ಲಲಿಲ್ಲ. ಸುಣ್ಣದ ಕಲ್ಲಿಗೆ ಹೋಲಿಸಿದರೆ ಇಂಥ ಕಾರ್ಬೊನೇಟ್ ಲಾವಾ, ಮ್ಯಾಗ್ಮಾಗಳಿಂದಾದ ಶಿಲೆಗಳಲ್ಲಿ ಕಾರ್ಬನ್-13 (ಇಂಗಾಲದ ಸ್ವಲ್ಪ ಭಾರದ ರೂಪ) ಸ್ವಲ್ಪ ಕಡಿಮೆ. ಮ್ಯಾಂಟಲ್‌ನಲ್ಲಿ ಹುಟ್ಟುವ ವಜ್ರಗಳಲ್ಲೂ ಬಹಳಷ್ಟರಲ್ಲಿ ಅಷ್ಟೇ ಇರುತ್ತೆ. ಅಂದರೆ ಇಂಗಾಲ ಮ್ಯಾಂಟಲ್‌ದು.

ಸುರೇಶ ಚಿಕ್ಕಪ್ಪ: ಸರಿ, ಅಲ್ಲಿ ಹೇಗೆ ಕರಗುತ್ತೆ?

ಅನಘಾ: ಸುಮಾರು 100 ಕಿ.ಮೀ. ಆಳದಲ್ಲಿ ಒಣ ಮ್ಯಾಂಟಲ್ ಕಲ್ಲು ಕರಗೋಕೆ 1,400 ಡಿಗ್ರಿಗಿಂತ ಜಾಸ್ತಿ ಬೇಕು. ಅದರಲ್ಲಿ ಚೂರು ಕಾರ್ಬೊನೇಟ್ ಇದ್ದರೆ ನೂರಾರು ಡಿಗ್ರಿ ಮೊದಲೇ ಕರಗೋಕೆ ಶುರು. ಆದರೆ ಕರಗೋದು ನೂರಕ್ಕೆ ಒಂದು ಪಾಲೂ ಇರಲ್ಲ. ಆ ಮೊದಲ ಹನಿಗಳೇ ಕಾರ್ಬೊನೇಟ್ ಮ್ಯಾಗ್ಮಾ. ತುಂಬಾ ತೆಳು, ಹರಳುಗಳ ಸಂದಿಯಲ್ಲೇ ನುಸುಳುತ್ತೆ.

ಕಾರ್ತಿಕ್: ನಾನು ಹೇಳಿದ್ದೂ ಅದೇ. ನೇರವಾಗಿ!

ಅನಘಾ: ನೇರವಾಗಿ ಅಲ್ಲ ಮಾರಾಯ. ಮೇಲೆ ಬರ್ತಾ ಸುಮಾರು 70 ಕಿ.ಮೀ. ಹತ್ತಿರ ಅದು ಸುತ್ತಲ ಕಲ್ಲಿನ ಜೊತೆ ಪ್ರತಿಕ್ರಿಯಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ಬಹಳಷ್ಟು ಅಲ್ಲೇ ಮುಗಿದುಹೋಗುತ್ತೆ. ಲೆಂಗೈಯಲ್ಲಿ ಮೇಲೆ ಬಂದದ್ದು ಸಿಲಿಕೇಟ್ ಮ್ಯಾಗ್ಮಾ (ಸಿಲಿಕಾ ಇರುವ ಮಾಮೂಲಿ ಬಗೆಯದು), ಕಾರ್ಬೊನೇಟ್ ಅದರೊಳಗೇ ಇತ್ತು. ತಣ್ಣಗಾಗ್ತಾ ಎಣ್ಣೆ ನೀರು ಬೇರೆಯಾದ ಹಾಗೆ ಎರಡೂ ಬೇರೆಯಾದವು ಅಂತ ಹೆಚ್ಚಿನವರ ಅಭಿಪ್ರಾಯ. ರಾಜಸ್ಥಾನದ ನೆವಾನಿಯಾದಲ್ಲಿರೋ ಇಂಥ ಶಿಲೆ ಮಾತ್ರ ನೇರವಾಗಿ ಮ್ಯಾಂಟಲ್‌ನದ್ದು ಅಂತ ವಾದಿಸುವವರಿದ್ದಾರೆ.

ಸುರೇಶ ಚಿಕ್ಕಪ್ಪ: ಮ್ಯಾಂಟಲ್‌ಗೆ ಇಂಗಾಲ ಹೋಗಿದ್ದಾದರೂ ಎಲ್ಲಿಂದ?

ಅನಘಾ: ಒಂದಷ್ಟು ಭೂಮಿ ಹುಟ್ಟಿದಾಗಿನಿಂದಲೇ ಇದೆ. ಒಂದಷ್ಟು ಸಾಗರತಳದ ಫಲಕ ಕೆಳಕ್ಕೆ ಜಾರುವಾಗ ಅದರ ಜೊತೆ ಹೋಗುತ್ತೆ, ಕಪ್ಪೆಚಿಪ್ಪಿನ ಸುಣ್ಣ ಸಮೇತ.

ಸುರೇಶ ಚಿಕ್ಕಪ್ಪ: ಬಂತಲ್ಲ ಸುಣ್ಣ! ನಾನು ಹೇಳಿದ್ದು ಇದನ್ನೇ.

ಅನಘಾ: ನೀವು ಹೇಳಿದ್ದು ಬೆಟ್ಟದ ಬುಡದ ಸುಣ್ಣ. ಬೇಕಿದ್ದರೆ ಹೊಗೇನಕಲ್‌ಗೆ ಹೋಗಿ ವಾದ ಮಾಡೋಣ. ಅಲ್ಲೂ ಸುಮಾರು 240 ಕೋಟಿ ವರ್ಷದ ಇಂಥ ಶಿಲೆ ಇದೆ.

ವಿಮಲತ್ತೆ: ಹೋದ ಸಲ ಹೋದಾಗ ಹರಿಗೋಲು, ಮೀನು ಬಿಟ್ಟು ಬೇರೆ ಏನೂ ತೋರಿಸಲಿಲ್ವಲ್ಲೇ ನೀನು.

ಸುರೇಶ ಚಿಕ್ಕಪ್ಪ: ಅದಿರಲಿ. ಕಾರ್ತಿಕ್, ಆ "ನೇರವಾಗಿ" ತೆಗೆದು ಇನ್ನೊಮ್ಮೆ ಕಳಿಸು. ಅಪಾರ್ಟ್‌ಮೆಂಟ್ ಗುಂಪಿಗೂ ಹಾಕಿದ್ದೀಯ.