ಆಸ್ಪತ್ರೆಯ ಗಲಾಟೆ ರಿಜಿಸ್ಟರ್‌ನಿಂದ ಸೆಕ್ಯುರಿಟಿ ಸುಧಾರಿಸುವುದು ಹೇಗೆ?

ಹುಬ್ಬಳ್ಳಿ ಸೂಪರ್‌ವೈಸರ್:
ನಮಸ್ಕಾರ. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಇದ್ದೇನೆ. ಜಗಳ, ಮೊಬೈಲ್ ಕಳವು, ಹೇಳದೆ ಕೇಳದೆ ಹೊರಟು ಹೋದ ಪೇಷಂಟ್, ಎಲ್ಲವನ್ನೂ ಒಂದೇ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ತಿಂಗಳ ಕೊನೆಗೆ ಒಟ್ಟು ಎಷ್ಟು ಅಂತ ಮೇಲಿನವರಿಗೆ ಕೊಡುತ್ತೇವೆ, ಸಹಿ ಆಗುತ್ತದೆ, ಅಷ್ಟೇ. ಇನ್ನಿಬ್ಬರು ಗಾರ್ಡ್ ಕೊಡಿ ಅಂದರೆ ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ, ಆಗ ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ. ರಾತ್ರಿ ಐಸಿಯು ಬಾಗಿಲಲ್ಲಿ ನಮ್ಮ ಹುಡುಗರ ಮೇಲೆ ಜನ ಏರಿ ಬರುವುದನ್ನು ನೋಡಿದರೆ ಸಂಕಟ ಆಗುತ್ತದೆ. ಈ ರಿಜಿಸ್ಟರ್ ಏನಾದರೂ ಉಪಯೋಗಕ್ಕೆ ಬರುತ್ತದಾ?

ಗದಗ ಸಿಸ್ಟರ್:
ಸರ್, ಅದರಲ್ಲಿ ಏನು ಬರೆದಿಲ್ಲ ಅಂತ ಮೊದಲು ನೋಡಿ. ಬೈಗುಳ, ಕೈ ಎತ್ತಿ ಹೆದರಿಸಿದ್ದು, ಇವನ್ನು ನಾವು ಯಾರೂ ಬರೆಸುವುದಿಲ್ಲ. ಬರೆಸಿದರೆ "ನೀವೇ ಏನೋ ಅಂದಿರಬೇಕು" ಅನ್ನುತ್ತಾರೆ, ಮೇಲೆ ಪಾಳಿ ಮುಗಿದ ಮೇಲೂ ಕೂತು ಉತ್ತರ ಕೊಡಬೇಕು. ಬರೆಸಿದವರನ್ನೇ ವಿಚಾರಣೆ ಮಾಡುವುದು ನಿಲ್ಲಬೇಕು, ಇಲ್ಲದಿದ್ದರೆ ನಿಮ್ಮ ಲೆಕ್ಕ ಯಾವತ್ತೂ ಅರ್ಧವೇ.

ಧಾರವಾಡ ಕ್ವಾಲಿಟಿ:
ಸಿಸ್ಟರ್ ಹೇಳಿದ್ದು ನಿಜ. ಅದಕ್ಕೇ ಶುರುವಿನಲ್ಲಿ ಸಂಖ್ಯೆ ಏರಿದರೆ ಗಾಬರಿ ಬೇಡ, ಜನ ಬರೆಸುತ್ತಿದ್ದಾರೆ ಅಂತ ಅರ್ಥ. ಗಾಯ ಆದವರ ಲೆಕ್ಕ ಬೇರೆ ಇಡಿ, ಅದು ಇಳಿಯಬೇಕು.

ಗಂಟೆ, ಜಾಗ, ಜಗಳಕ್ಕೆ ಸ್ವಲ್ಪ ಮೊದಲು ಏನು ನಡೆದಿತ್ತು, ಈ ಮೂರು ಕಾಲಂ ಹಾಕಿ. ಕೊನೆಯದೇ ಮುಖ್ಯ. ನಮ್ಮಲ್ಲಿ ಹಾಗೆ ಬರೆದಾಗ ಗೊತ್ತಾಗಿದ್ದು, ರಾತ್ರಿಯ ಜಗಳ ಬಹಳಷ್ಟು ಪೇಷಂಟ್ ಜೊತೆ ಒಳಗೆ ಇರಲು ಕೊಡುವ ಪಾಸ್ ವಿಷಯಕ್ಕೆ. ನವಲಗುಂದ, ಕುಂದಗೋಳ ಕಡೆಯಿಂದ ಬಂದವರಿಗೆ ಕೊನೇ ಬಸ್ ಹೋದ ಮೇಲೆ ಮಲಗಲು ಜಾಗ ಇರಲಿಲ್ಲ, ಒಬ್ಬರೇ ಒಳಗೆ ಅಂದರೆ ಉಳಿದವರು ಎಲ್ಲಿಗೆ ಹೋಗಬೇಕು? ಕೆಳಗೆ ಒಂದು ಹಾಲ್ ತೆರೆದು ಕೊಟ್ಟರು, ಬಾಗಿಲಲ್ಲಿನ ನೂಕಾಟ ತಗ್ಗಿತು. ಐಸಿಯು ಮುಂದಿನದು ಬೇರೆ ಕಥೆ, ಪೇಷಂಟ್ ಹೇಗಿದ್ದಾರೆ ಅಂತ ಯಾರೂ ಹೇಳದೆ ಕಾಯಿಸಿದ್ದೇ ಕಾರಣ. ಈಗ ಡಾಕ್ಟರ್ ನಿಗದಿ ಮಾಡಿದ ಹೊತ್ತಿಗೆ ಮನೆಯವರ ಜೊತೆ ಮಾತಾಡುತ್ತಾರೆ. ಎರಡಕ್ಕೂ ಗಾರ್ಡ್ ಹೆಚ್ಚಿಸಲಿಲ್ಲ.

ಇನ್ನೊಂದು, ಲೆಕ್ಕ ಆಫೀಸಿನಲ್ಲೇ ಉಳಿಯಬಾರದು. ಆಯಾ ವಾರ್ಡಿನದು ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೈಗೆ ಹೋಗಲಿ. ಅಮೆರಿಕದಲ್ಲಿ ಆಸ್ಪತ್ರೆಗಳ 41 ವಿಭಾಗಗಳಲ್ಲಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಸುಮಾರು ಅರ್ಧದಷ್ಟು ವಿಭಾಗಗಳಿಗೆ ಹಲ್ಲೆಯ ಬಗ್ಗೆ ಅವರದೇ ಅಂಕಿಅಂಶ ಕೊಟ್ಟು ಏನು ಮಾಡಬೇಕೆಂದು ಅವರೇ ತೀರ್ಮಾನಿಸಲು ಬಿಟ್ಟರು. 6 ತಿಂಗಳಿಗೆ ಅಲ್ಲಿ ಹಲ್ಲೆ ಉಳಿದ ವಿಭಾಗಗಳಿಗಿಂತ ಕಡಿಮೆ ಇತ್ತು, 24 ತಿಂಗಳಿಗೆ ಗಾಯಗಳೂ ಕಡಿಮೆ.

ಹಾವೇರಿಯವ:
ದೊಡ್ಡ ಘಟನೆ ಆದರೆ ಸಿಸಿಟಿವಿ ದೃಶ್ಯ ಅಳಿಸಿ ಹೋಗುವ ಮೊದಲೇ ತೆಗೆದಿಡಿ. ನಮ್ಮ ರಾಜ್ಯದ 2009ರ ಕಾಯ್ದೆಯಲ್ಲಿ ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 3 ವರ್ಷದವರೆಗೆ ಜೈಲು ಇದೆ, ಆದರೆ ಹೊತ್ತು, ಜಾಗ, ಸಾಕ್ಷಿ ಸರಿಯಾಗಿ ಬರೆಯದಿದ್ದರೆ ದೂರು ನಿಲ್ಲುವುದು ಕಷ್ಟ.

ಹುಬ್ಬಳ್ಳಿ ಸೂಪರ್‌ವೈಸರ್:
ಎಲ್ಲರಿಗೂ ಥ್ಯಾಂಕ್ಸ್ ರೀ. ಮಲಗುವ ಜಾಗದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಕ್ವಾಲಿಟಿ ಮೇಡಂ, ರಾತ್ರಿ ಪಾಳಿಯ ಹುಡುಗರಿಗೆ ಉದ್ದಕ್ಕೆ ಬರೆಯಲು ಆಗುವುದಿಲ್ಲ, ಕಾರಣಗಳನ್ನು ಮೊದಲೇ ಅಚ್ಚು ಹಾಕಿಸಿ ಟಿಕ್ ಮಾಡಿಸಿದರೆ ನಡೆಯುತ್ತದಾ?

ಧಾರವಾಡ ಕ್ವಾಲಿಟಿ:
ನಡೆಯುತ್ತದೆ ಸರ್. ಕೆಳಗೆ ಎರಡು ಸಾಲು ಖಾಲಿ ಬಿಡಿಸಿ, ಪೇಷಂಟ್ ಹೆಸರು ಮಾತ್ರ ಆ ಹಾಳೆಯಲ್ಲಿ ಬೇಡ.